ದಡದಲ್ಲಿ ನಿಂತವರು

ಮಗಳು ಪ್ರೇಕ್ಷಾಳ ಮದುವೆಯ ದಿನ ಗುರುವಪ್ಪ ಥಾಣೆಯ ರಿಜಿಸ್ಟ್ರಾರ್ ಕಚೇರಿಗೆ ಬಂದಿದ್ದ, ಸಾಕ್ಷಿ ಸಹಿ ಹಾಕಿದ್ದ. ಆಮೇಲೆ ಎಲ್ಲರೂ ಊಟಕ್ಕೆ ಹೊರಟಾಗ ಹೋಟೆಲಿನಲ್ಲಿ ಕೆಲಸ ಉಂಟು ಎಂದು ಹೇಳಿ ಎದ್ದು ಹೋಗಿದ್ದ. ಅಳಿಯ ಸುಮುಖ ಮೈಸೂರಿನವನು, ಐರೋಳಿಯ ಕಂಪನಿಯೊಂದರಲ್ಲಿ ಪ್ರೇಕ್ಷಾಳ ಜೊತೆ ಕೆಲಸ ಮಾಡುವವನು, ಮೊಟ್ಟೆ ಕೂಡ ಮುಟ್ಟದ ಮನೆಯ ಹುಡುಗ. ಅವನಲ್ಲಿ ಇಂಥದ್ದೇ ತಪ್ಪು ಎಂದು ಗುರುವಪ್ಪನಿಗೆ ತೋರಿಸಲು ಬರುತ್ತಿರಲಿಲ್ಲ. ನಮ್ಮವರಲ್ಲ, ಅಷ್ಟೆ. ಮಗಳು ಕೇಳಿ ಮಾಡಲಿಲ್ಲ, ಮಾಡಿ ಹೇಳಿದಳು. ಆ ಸಿಟ್ಟು ಒಂದು ವರ್ಷ ಉರಿದು, ಎರಡನೆಯ ವರ್ಷ ಬೂದಿಯಾಗಿ, ಕೊನೆಗೆ ಒಂದು ಬಗೆಯ ನಾಚಿಕೆಯಾಗಿ ಉಳಿದಿತ್ತು. ಊಟಕ್ಕೆ ಕೂರದೆ ಎದ್ದು ಬಂದದ್ದನ್ನು ನೆನೆದಾಗಲೆಲ್ಲ ಅವನು ಗಲ್ಲೆಯ ಮೇಲೆ ಕೂತಲ್ಲೇ ಮುಖ ಒರೆಸಿಕೊಳ್ಳುತ್ತಿದ್ದ.

ಗಲ್ಲೆ ಎಂದರೆ ಬಿಲ್ಲಿನ ಹಣ ತೆಗೆದುಕೊಳ್ಳುವ ಮೇಜು, ಥಾಣೆ ಸ್ಟೇಷನ್ನಿನ ಹೊರಗಿನ ಒಂದು ಸಸ್ಯಾಹಾರಿ ಹೋಟೆಲಿನದು. ಉಡುಪಿಯ ಕರಾವಳಿಯ ಮೀನು ಹಿಡಿಯುವ ಮೊಗವೀರರ ಒಂದು ಹಳ್ಳಿಯಿಂದ ಹನ್ನೆರಡನೆಯ ವಯಸ್ಸಿಗೆ ಬಂದವನು ಅವನು. ಲೋಟ ತೊಳೆದು, ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಈಗ ಅಲ್ಲಿಯೇ ಮ್ಯಾನೇಜರು. ಡೊಂಬಿವಲಿ ಪೂರ್ವದಲ್ಲಿ ಎರಡು ಕೋಣೆಯ ಮನೆ, ಹೆಂಡತಿ ಲೋಲಾಕ್ಷಿ, ಒಬ್ಬಳೇ ಮಗಳು. ಮನೆಯಲ್ಲಿ ತುಳು, ಹೋಟೆಲಿನಲ್ಲಿ ಹಿಂದಿ ಮರಾಠಿ. ಅಳಿಯ ಬಂದ ಮೇಲೆ ಭಾನುವಾರಗಳಿಗೆ ಕನ್ನಡವೂ ಸೇರಿಕೊಂಡಿತ್ತು.

ಗುರುವಪ್ಪನಿಗೆ ಕೆಲವು ಅಭ್ಯಾಸಗಳಿದ್ದವು. ಅವನು ಮೀನು ತಿನ್ನುತ್ತಿರಲಿಲ್ಲ. ಮೈ ತುರಿಸುತ್ತದೆ ಎನ್ನುತ್ತಿದ್ದ. ಲೋಲಾಕ್ಷಿಗೆ ಬಂಗುಡೆ ಸಾರಿನ ಆಸೆಯಾದರೆ ಕಲ್ಯಾಣದ ಅಕ್ಕನ ಮನೆಗೆ ಹೋಗಿ ಉಂಡು ಬರುತ್ತಿದ್ದಳು. ಗಣಪತಿ ಬಿಡುವ ದಿನ ಇಡೀ ಕಟ್ಟಡ ಖಾಲಿಯಾದರೂ ಅವನು ಬಾಗಿಲು ಕಾಯುತ್ತ ಕೂರುತ್ತಿದ್ದ. ಡೊಂಬಿವಲಿಯಿಂದ ಥಾಣೆಗೆ ಎಷ್ಟೇ ನೂಕುನುಗ್ಗಲಿದ್ದರೂ ಫಾಸ್ಟ್ ಲೋಕಲನ್ನೇ ಹಿಡಿಯುತ್ತಿದ್ದ. ಅದು ಪಾರ್ಸಿಕ್ ಬೆಟ್ಟದ ಸುರಂಗದೊಳಗೆ ಹಾದುಹೋಗುತ್ತದೆ. ಸ್ಲೋ ಗಾಡಿ ಮುಂಬ್ರಾ ಸುತ್ತಿ ಖಾಡಿಯ, ಎಂದರೆ ಸಮುದ್ರದ ಹಿನ್ನೀರಿನ, ಅಂಚಿನಲ್ಲೇ ಹೋಗುತ್ತದೆ. ಮ್ಯಾನೇಜರಿಗೆ ಯಾವಾಗಲೂ ಅವಸರ ಎಂದು ಜನ ತಿಳಿದಿದ್ದರು. ಊರಿಗೆ ಅವನು ಹೋದದ್ದೇ ಇಲ್ಲ. ತಾಯಿಯನ್ನು ಇಲ್ಲಿಗೇ ಕರೆಸಿಕೊಂಡಿದ್ದ. ಅವಳು ತೀರಿಕೊಂಡದ್ದೂ ಇಲ್ಲಿಯೇ. ತಂದೆ ಶಂಭು ಜ್ವರ ಬಂದು ಸತ್ತರು ಎಂದು ಹೆಂಡತಿಗೂ ಮಗಳಿಗೂ ಹೇಳಿದ್ದ.

2013ರ ದೀಪಾವಳಿ ಕಳೆದ ಒಂದು ಭಾನುವಾರ ಮಗಳೂ ಅಳಿಯನೂ ಬಂದರು. ಊಟವಾದ ಮೇಲೆ ಸುಮುಖ ಲ್ಯಾಪ್‌ಟಾಪ್ ತೆರೆದು ಮಾವನ ಪಕ್ಕ ಕೂತ.

"ಮಾವ, ಇದು ಹಿಮಾಚಲದ ತೀರ್ಥನ್ ನದಿ. ಬೇಸಿಗೆಯಲ್ಲಿ ಹೋಗೋಣ ಅಂತ. ನದಿ ಪಕ್ಕದಲ್ಲೇ ಟೆಂಟ್ ಹಾಕಿ ನಾಲ್ಕು ದಿನ. ಟ್ರೌಟ್ ಅಂತ ಒಂದು ಮೀನು ಸಿಗುತ್ತೆ, ಫ್ಲೈ ಫಿಶಿಂಗ್ ಮಾಡ್ಬೋದು."

"ಫ್ಲೈ ಎಂದರೆ ನೊಣ ಅಲ್ಲವಾ?"

"ಹೂಂ, ನೊಣಾನೇ. ಆದ್ರೆ ಸುಳ್ಳು ನೊಣ. ಗರಿ, ದಾರ ಸುತ್ತಿ ಗಾಳದ ಮೇಲೆ ಕಟ್ಟಿರ್ತಾರೆ. ನೀರಿನ ಮೇಲೆ ಮೆತ್ತಗೆ ಇಳಿಸಿದ್ರೆ ಮೀನು ನಿಜವಾದ ಹುಳ ಅಂದ್ಕೊಂಡು ಹಾರುತ್ತೆ."

"ಹಿಡಿದು ಎಂತ ಮಾಡುವುದು? ನೀವು ತಿನ್ನುವವರಲ್ಲವಲ್ಲ."

"ಬಿಟ್ಟುಬಿಡೋದು ಮಾವ. ಹಿಡಿಯೋದು, ನೋಡೋದು, ಬಿಡೋದು."

ಲೋಲಾಕ್ಷಿ ಅಡುಗೆಮನೆಯಿಂದ ನಕ್ಕಳು. "ಹಿಡಿದ ಮೀನನ್ನು ಬಿಡುವವರು ಮೊಗವೀರರ ಮನೆಗೇ ಅಳಿಯ ಆಗಿ ಬರಬೇಕಿತ್ತಾ ಮಾರಾಯ್ತಿ!"

ಎಲ್ಲರೂ ನಕ್ಕರು. ಗುರುವಪ್ಪನೂ ನಕ್ಕ. ಪರದೆಯ ಮೇಲೆ ಹಸಿರು ನೀರು ಬಿಳಿಯಾಗಿ ಒಡೆದು ಬಂಡೆ ಸುತ್ತಿ ಹೋಗುವ ಚಿತ್ರವಿತ್ತು. ಅವನು ಆ ಚಿತ್ರ ಬಿಟ್ಟು ಅದರ ಹಿಂದಿನ ದೇವದಾರು ಮರಗಳನ್ನು ನೋಡುತ್ತಿದ್ದ.

ಪ್ರೇಕ್ಷಾ ಅಪ್ಪನ ಮೊಣಕೈ ಹಿಡಿದುಕೊಂಡಳು. "ಪಪ್ಪ, ನೀವು ಬರಲೇಬೇಕು. ಮೀನು ಅಂದ್ರೆ ನಿಮ್ಮದೇ ಲೈನ್ ಅಲ್ವಾ? ನಿಮ್ಮಿಬ್ಬರಿಗೆ ಮಾತಾಡಲಿಕ್ಕೆ ಬೇರೆ ಏನಿದೆ ಹೇಳಿ. ಎರಡು ವರ್ಷದಿಂದ ನೀವು ಅವನ ಹತ್ರ 'ಊಟ ಆಯ್ತಾ' ಬಿಟ್ಟು ಬೇರೆ ಏನೂ ಕೇಳಲಿಲ್ಲ. ಪ್ಲೀಸ್, ಯಾರ್."

ಮೀನು ತಿನ್ನದ ಅಪ್ಪನಿಗೆ ಮೀನು ಹಿಡಿಯುವುದೂ ಬೇಡವಾಗಿರಬಹುದು ಎಂದು ಅವಳಿಗೆ ಹೊಳೆದಿರಲಿಲ್ಲ. ಅಪ್ಪನ ಕುಲದವರು ಸಮುದ್ರಕ್ಕೆ ಹೋಗುವವರು ಎಂಬುದಷ್ಟೇ ಅವಳಿಗೆ ಗೊತ್ತು, ಅದರಲ್ಲಿ ಅವಳಿಗೆ ಹೆಮ್ಮೆಯೂ ಇತ್ತು. ಗುರುವಪ್ಪ ಅವಳ ಮುಖ ನೋಡಿದ. ಇಲ್ಲ ಎಂದರೆ ರಿಜಿಸ್ಟ್ರಾರ್ ಕಚೇರಿಯಿಂದ ಇನ್ನೊಮ್ಮೆ ಎದ್ದು ಹೋದಂತೆಯೇ.

"ಆಯಿತು, ಹೋಗುವ" ಎಂದ.

ಅಲ್ಲಿಂದ ಆ ಪ್ರವಾಸ ಬೆಳೆಯತೊಡಗಿತು. ಕಲ್ಯಾಣದಿಂದ ದಿಲ್ಲಿಗೆ ರೈಲು, ಅಲ್ಲಿಂದ ಬಸ್ಸು, ಆಮೇಲೆ ಜೀಪು. ಪ್ರೇಕ್ಷಾ ವಾಟ್ಸಾಪಿನಲ್ಲಿ ನಾಲ್ವರ ಗುಂಪು ಮಾಡಿದಳು. ಗುರುವಪ್ಪನ ಫೋನು ಗಲ್ಲೆಯ ಮೇಲೆ ಟಣ್ ಎಂದಾಗಲೆಲ್ಲ ಒಂದು ನದಿಯ ಫೋಟೋ ಬಂದಿರುತ್ತಿತ್ತು. ಉಲ್ಹಾಸನಗರದ ಬಜಾರಿನಿಂದ ದಪ್ಪ ಜಾಕೀಟು ಬಂತು. ಲೋಲಾಕ್ಷಿ ಉಣ್ಣೆಯ ಕಾಲುಚೀಲ ಹಾಕಿಕೊಂಡು ಮನೆಯೊಳಗೇ ಓಡಾಡಿ ಜಾರಿದಳು.

ಗುರುವಪ್ಪ ತಪ್ಪಿಸಿಕೊಳ್ಳಲು ನೋಡದೆ ಇರಲಿಲ್ಲ. ಮೇ ತಿಂಗಳಲ್ಲಿ ಹೋಟೆಲಿನಲ್ಲಿ ಗಿರಾಕಿ ಜಾಸ್ತಿ, ಮಾಲೀಕರು ಬಿಡಲಿಕ್ಕಿಲ್ಲ ಎಂದ. ಪ್ರೇಕ್ಷಾ ಸೀದಾ ಹೋಗಿ ಮಾಲೀಕ ಮಧ್ವರಾಜರನ್ನು ಕೇಳಿದಳು. ಅವರು ಗಲ್ಲೆಗೆ ಬಂದು, "ನಲವತ್ತು ವರ್ಷದಲ್ಲಿ ನೀನು ಒಂದು ರಜೆ ಕೇಳಿದ್ದುಂಟಾ ಗುರುವಪ್ಪ? ಹೋಗು ಮಾರಾಯ, ಹೋಟೆಲನ್ನು ಯಾರೂ ಎತ್ತಿಕೊಂಡು ಹೋಗುವುದಿಲ್ಲ" ಎಂದರು. ಮೊಣಕಾಲು ನೋವು ಎಂದ. ಡಾಕ್ಟರು ತಟ್ಟಿ ನೋಡಿ, ಬೆಟ್ಟ ಹತ್ತಿದರೆ ಒಳ್ಳೆಯದೇ ಎಂದರು. ಇನ್ನು ಹೇಳಲು ನಿಜವೊಂದೇ ಉಳಿದಿತ್ತು. ಅದು ಬಾಯಿಗೆ ಬರಲಿಲ್ಲ.

ಸುಮುಖನ ಗಾಳದ ಕೋಲು ಬಂದದ್ದು ಜನವರಿಯಲ್ಲಿ. ತೆಳ್ಳಗೆ, ಬಾಗುವ, ತುದಿಯಲ್ಲಿ ಹುಲ್ಲಿನ ಎಸಳಿನಂತಿದ್ದ ಕೋಲು. ಕಟ್ಟಡದ ಟೆರೇಸಿನ ಮೇಲೆ ಅಭ್ಯಾಸ ಶುರುವಾಯಿತು. ನಾಲ್ಕನೆಯ ಮಾಳಿಗೆಯ ಮರಾಠಿ ಹೆಂಗಸು ಒಣಗಿಸಿದ್ದ ಹಪ್ಪಳಗಳ ಆಚೆಗೆ ಒಂದು ಪ್ಲಾಸ್ಟಿಕ್ ತಟ್ಟೆ ಇಟ್ಟು, ದಾರದ ತುದಿಯ ನೊಣ ಅದರಲ್ಲಿ ಬೀಳಬೇಕು ಎಂದು ಸುಮುಖ ಹೇಳಿದ. ಇಬ್ಬರದೂ ಬೀಳಲಿಲ್ಲ. ಸುಮುಖನ ನೊಣ ಟಿವಿಯ ಡಿಶ್ಶಿಗೆ ಸಿಕ್ಕಿತು, ಗುರುವಪ್ಪನದು ಅವನ ಸ್ವಂತ ಅಂಗಿಯ ಕಾಲರಿಗೆ. ನೀರಿಲ್ಲದ ಆ ಟೆರೇಸಿನ ಮೇಲೆ, ದಾರ ಹಿಂದೆ ಹೋಗಿ ಬಿಚ್ಚಿ ಮತ್ತೆ ಮುಂದೆ ಹಾರುವಾಗ, ಗುರುವಪ್ಪನಿಗೆ ಸಂತೋಷವೇ ಆಗುತ್ತಿತ್ತು. ಅಳಿಯ ಮೈಸೂರಿನ ತನ್ನ ತಂದೆಯ ಕತೆ ಹೇಳುತ್ತಿದ್ದ, ಇವನು ಹೋಟೆಲಿನ ಗಿರಾಕಿಗಳ ಕತೆ ಹೇಳುತ್ತಿದ್ದ. ಕೆಳಗೆ ಬಂದಾಗ ಪ್ರೇಕ್ಷಾ ಇಬ್ಬರ ಬಿಸಿಲು ಹತ್ತಿದ ಮುಖ ನೋಡಿ ಏನೂ ಹೇಳದೆ ಶರಬತ್ತು ಕೊಡುತ್ತಿದ್ದಳು. ಅವಳ ಕಣ್ಣಲ್ಲಿ ಅಷ್ಟು ನೆಮ್ಮದಿ ಅವನು ನೋಡಿ ಬಹಳ ಕಾಲವಾಗಿತ್ತು. ಹೇಳಬೇಕಾದ ಮಾತು ಇನ್ನಷ್ಟು ಕೆಳಗೆ ಇಳಿಯಿತು.

ಬೆಟ್ಟಕ್ಕೆ ಹೋಗುವ ಮುಂಚೆ ಟೆಂಟನ್ನೂ ಸಾಮಾನನ್ನೂ ಒಮ್ಮೆ ಪರೀಕ್ಷಿಸೋಣ ಎಂದು ಸುಮುಖ ಹೇಳಿದ್ದು ಫೆಬ್ರುವರಿಯಲ್ಲಿ. ಬದ್ಲಾಪುರದ ಆಚೆ ಉಲ್ಹಾಸ ನದಿಯ ದಂಡೆಯಲ್ಲಿ ಒಂದು ಜಾಗ ಅವನು ನೋಡಿಟ್ಟಿದ್ದ. ಲೋಲಾಕ್ಷಿ ಅಕ್ಕನ ಮನೆಯ ಪೂಜೆಗೆ ಹೋಗಬೇಕಿತ್ತು. ಮೂವರೇ ಕಾರಿನಲ್ಲಿ ಹೋದರು.

ನೀರು ಇಳಿದಿತ್ತು. ಬಂಡೆಗಳು ಬಿಸಿಲಿಗೆ ಬಿದ್ದುಕೊಂಡಿದ್ದವು. ಅವುಗಳ ನಡುವೆ ಒಂದು ಕಡೆ ಮಾತ್ರ ನೀರು ಕಪ್ಪಾಗಿ, ಅಲುಗಾಡದೆ ನಿಂತಿತ್ತು. ಪ್ರೇಕ್ಷಾ ಮೇಲೆ ಮರದ ಕೆಳಗೆ ಟೆಂಟು ಬಿಚ್ಚುತ್ತಿದ್ದಳು. ಸುಮುಖ ಹೊಸದಾಗಿ ತರಿಸಿದ, ಎದೆಯವರೆಗೆ ಬರುವ ರಬ್ಬರ್ ಪ್ಯಾಂಟು ಏರಿಸಿಕೊಂಡ. ನೀರಿನಲ್ಲಿ ನಿಂತು ಗಾಳ ಎಸೆಯುವವರು ಹಾಕಿಕೊಳ್ಳುವಂಥದ್ದು ಅದು.

"ಬನ್ನಿ ಮಾವ, ಮೊಣಕಾಲಷ್ಟೇ ನೀರು."

"ನೀವು ಮೊದಲು ಹೋಗಿ. ನಾನು ಇಲ್ಲಿಂದ ನೋಡುತ್ತೇನೆ."

ಗುರುವಪ್ಪ ಬಂಡೆಯ ಮೇಲೆ ನಿಂತ. ಟೆಂಟಿನ ಹಗ್ಗದ ಸುರುಳಿಯನ್ನು ಸುಮುಖ ಅವನ ಕಾಲ ಬಳಿ ಇಟ್ಟು ಹೋಗಿದ್ದ. ಸುಮುಖ ಮೂರು ನಾಲ್ಕು ಸಲ ದಾರ ಬೀಸಿದ. ಚೆನ್ನಾಗಿಯೇ ಹೋಯಿತು. ಹಿಂತಿರುಗಿ ನಕ್ಕ, ಇನ್ನೂ ಆಚೆಗೆ ಎಸೆಯಲು ಒಂದು ಹೆಜ್ಜೆ ಮುಂದಿಟ್ಟ. ಪಾಚಿಗಟ್ಟಿದ ಬಂಡೆ ಅವನನ್ನು ಸದ್ದಿಲ್ಲದೆ ಆ ಕಪ್ಪು ನೀರಿಗೆ ಜಾರಿಸಿತು.

ಒಮ್ಮೆ ಮುಳುಗಿ ಮೇಲೆ ಬಂದ. ರಬ್ಬರ್ ಪ್ಯಾಂಟಿನೊಳಗೆ ನೀರು ತುಂಬಿತ್ತು. ಕೈ ಬಡಿಯುತ್ತಿದ್ದ, ಕಾಲು ಏಳುತ್ತಿರಲಿಲ್ಲ. "ಮಾವ!" ಎಂದ. ಇನ್ನೊಮ್ಮೆ ಮುಳುಗಿದ.

ಗುರುವಪ್ಪ ಅವನನ್ನು ನೋಡುತ್ತಿದ್ದ. ಕೂಗೂ ಕೇಳಿಸಿತ್ತು. ಹಗ್ಗ ತನ್ನ ಕಾಲ ಬುಡದಲ್ಲಿದೆ, ಬಗ್ಗಿ ಎತ್ತಿ ಎಸೆಯಬೇಕು ಎಂಬುದೂ ತಿಳಿದಿತ್ತು. ಆದರೆ ಬೆನ್ನು ಬಗ್ಗಲಿಲ್ಲ. ಕಿವಿಯಲ್ಲಿ ಭೋರ್ ಎಂಬ ಸದ್ದು ತುಂಬಿಕೊಂಡಿತ್ತು. ಅದು ಈ ನದಿಯದಲ್ಲ. ಬಾಯಲ್ಲಿ ಉಪ್ಪಿನ ರುಚಿ ಬಂತು. ಕಪ್ಪು ನೀರಿನಿಂದ ಒಂದು ಕೈ ಮೇಲೆದ್ದು ಗಾಳಿ ಹಿಡಿಯುತ್ತಿತ್ತು. ಅದು ಯಾರ ಕೈ ಎಂದು ಅವನಿಗೆ ಗೊತ್ತಾಗಲಿಲ್ಲ.

ಪ್ರೇಕ್ಷಾ ಬರಿಗಾಲಲ್ಲಿ ಇಳಿದು ಓಡಿ ಬಂದಳು. ಅಪ್ಪನ ಕಾಲ ಬುಡದಿಂದ ಹಗ್ಗ ಎಳೆದುಕೊಂಡು ಸೊಂಟದವರೆಗೆ ನೀರಿಗೆ ಇಳಿದು ಎಸೆದಳು. ಮೊದಲ ಸಲ ತಪ್ಪಿತು. ಎರಡನೆಯ ಸಲ ಅವನ ಕೈಗೆ ಸಿಕ್ಕಿತು. ಎಳೆದಳು, ಜಾರಿ ಬಿದ್ದಳು, ಎದ್ದು ಮತ್ತೆ ಎಳೆದಳು. ಸುಮುಖ ಬಂಡೆಗೆ ಎದೆ ಆನಿಸಿ ನೀರು ಕಕ್ಕಿದ. ಅವನ ಬೆನ್ನು ತಿಕ್ಕುತ್ತ ಅವಳು ಅಳುತ್ತಿದ್ದಳು, ಬೈಯುತ್ತಿದ್ದಳು. ಆಮೇಲೆ ತಲೆ ಎತ್ತಿ ನೋಡಿದಳು. ಅಪ್ಪ ಅದೇ ಬಂಡೆಯ ಮೇಲೆ, ಅದೇ ರೀತಿ ಕೈ ಜೋಲು ಬಿಟ್ಟು ನಿಂತಿದ್ದ.

"ಹಗ್ಗ ನಿಮ್ಮ ಕಾಲ ಹತ್ರಾನೇ ಇತ್ತು ಪಪ್ಪ."

ಅವನು ಬಾಯಿ ತೆರೆದ.

"ನೀವು ನಿಂತು ನೋಡ್ತಾ ಇದ್ರಿ. ಅವನು ನಿಮ್ಮನ್ನ ಕರೀತಾ ಇದ್ದ, ನೀವು ನೋಡ್ತಾ ಇದ್ರಿ! ಅಷ್ಟು ಬೇಡ್ವಾ ನಿಮಗೆ ಅವನು?"

"ಪ್ರೇಕ್ಷಾ, ಸಾಕು ಕಣೇ" ಎಂದ ಸುಮುಖ, ಕೆಮ್ಮುತ್ತ.

ಹಿಂದಿರುಗುವಾಗ ಕಾರು ಓಡಿಸಿದ್ದು ಪ್ರೇಕ್ಷಾ. ಅಪ್ಪನನ್ನು ಕಟ್ಟಡದ ಗೇಟಿನಲ್ಲಿ ಇಳಿಸಿ, ಒಳಗೆ ಬಾರದೆ ಹೊರಟುಹೋದಳು. ಆ ಸಂಜೆಯೇ ವಾಟ್ಸಾಪಿನ ಗುಂಪಿನಿಂದ ಅವಳ ಹೆಸರು ಮರೆಯಾಯಿತು.

ಮುಂದಿನ ದಿನಗಳಲ್ಲಿ ಗುರುವಪ್ಪ ಹೋಟೆಲಿಗೆ ಹೋದ, ಬಂದ. ಚಿಲ್ಲರೆ ತಪ್ಪಾಗಿ ಕೊಟ್ಟ. ಗಿರಾಕಿ ಎರಡು ಸಲ ಕರೆದರೂ ಕೇಳಿಸಲಿಲ್ಲ. ಲೋಲಾಕ್ಷಿಗೆ ವಿಷಯ ಅಳಿಯನಿಂದ ತಿಳಿಯಿತು. ಅವಳು ಕೇಳಲಿಲ್ಲ. ಅನ್ನ ಬಡಿಸಿ ಎದುರಿಗೆ ಕೂರುತ್ತಿದ್ದಳು, ಅಷ್ಟೆ. ಸುಮುಖ ಫೋನು ಮಾಡಿದ. "ಮಾವ, ಸ್ವಲ್ಪ ನೀರು ಕುಡಿದೆ ಅಷ್ಟೆ. ಅವಳು ಸಿಟ್ಟಲ್ಲಿ ಏನೇನೋ ಅಂದ್ಲು, ಮನಸ್ಸಿಗೆ ಹಚ್ಕೋಬೇಡಿ" ಎಂದ. ಆ ಹುಡುಗನ ಒಳ್ಳೆಯತನ ಅವನನ್ನು ಇನ್ನಷ್ಟು ಸುಟ್ಟಿತು. "ಹೂಂ" ಎಂದು ಇಟ್ಟುಬಿಟ್ಟ.

ಅವನನ್ನು ತಿನ್ನುತ್ತಿದ್ದದ್ದು ಮಗಳ ಮಾತೊಂದೇ ಅಲ್ಲ. ಆ ಮಾತನ್ನು ಅವನು ಹನ್ನೆರಡನೆಯ ವಯಸ್ಸಿನಿಂದ ಬೇರೆಯವರಿಗೆ, ಬಾಯಿ ಬಿಡದೆ, ಹೇಳುತ್ತ ಬಂದಿದ್ದ.

ಊರಿನಲ್ಲಿ, ಆ ಹನ್ನೆರಡನೆಯ ವಯಸ್ಸಿನಲ್ಲಿ, ಒಂದು ದಿನ ಅವನು ಅಪ್ಪನ ದೋಣಿಯಲ್ಲಿದ್ದ. ಮಳೆಗಾಲ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ನದಿ ಸಮುದ್ರ ಸೇರುವ ಅಳಿವೆ ಬಾಗಿಲಲ್ಲಿ ಒಂದು ಅಲೆ ದೋಣಿಯನ್ನು ಅಡ್ಡ ಹಿಡಿದು ಮಗುಚಿತು. ಅಪ್ಪ ಅವನನ್ನು ಮಗುಚಿದ ದೋಣಿಯ ಬೆನ್ನ ಮೇಲೆ ನೂಕಿ ಹತ್ತಿಸಿದ. ತಾನು ಹತ್ತಲಾಗಲಿಲ್ಲ. ಕಾಲಿಗೆ ಬಲೆ ಸುತ್ತಿಕೊಂಡಿತ್ತು. ದಡ ಬಹಳ ದೂರವಿರಲಿಲ್ಲ. ದಡದಲ್ಲಿ ಊರಿನ ಗಂಡಸರೆಲ್ಲ ನಿಂತಿದ್ದರು. ಅವರ ನಡುವೆ ತಲೆಗೆ ಕೆಂಪು ವಸ್ತ್ರ ಸುತ್ತಿದ ಚಿಕ್ಕಪ್ಪ ಪುಂಡರೀಕಾಕ್ಷ, ಊರಿನಲ್ಲೇ ಒಳ್ಳೆಯ ಈಜುಗಾರ. ಗುರುವಪ್ಪ ಚಿಕ್ಕಪ್ಪನನ್ನು ಹೆಸರು ಹಿಡಿದು ಕೂಗಿದ, ಗಂಟಲು ಹರಿಯುವಂತೆ ಕೂಗಿದ. ಯಾರೂ ಇಳಿಯಲಿಲ್ಲ. ಅಪ್ಪನ ಕೈ ಒಂದಷ್ಟು ಹೊತ್ತು ಕಂಡಿತು. ಆಮೇಲೆ ಕಾಣಲಿಲ್ಲ. ಅಲೆಯೇ ದೋಣಿಯನ್ನು ದಡಕ್ಕೆ ತಂದಾಗ ಚಿಕ್ಕಪ್ಪ ಅವನನ್ನು ಎತ್ತಿಕೊಳ್ಳಲು ಬಂದ. ಹುಡುಗ ಅವನ ಕೈ ಕಚ್ಚಿದ.

ಆ ವರ್ಷವೇ ಅವನು ಮುಂಬಯಿ ಬಸ್ಸು ಹತ್ತಿದ. ಸಮುದ್ರದ ಹೆದರಿಕೆ ಒಂದು ಕಡೆ, ದಡದಲ್ಲಿ ನಿಂತವರ ಮೇಲಿನ ದ್ವೇಷ ಇನ್ನೊಂದು ಕಡೆ. ಎರಡನ್ನೂ ಹೊತ್ತುಕೊಂಡೇ ಅವನು ಇಷ್ಟು ವರ್ಷ ಬದುಕಿದ್ದ. ಈಗ ತಾನೂ ದಡದಲ್ಲಿ ನಿಂತಿದ್ದ. ಅವನ ಕಾಲ ಬುಡದಲ್ಲಿ ಹಗ್ಗ ಬೇರೆ ಇತ್ತು.

ಮಾರ್ಚಿನ ಒಂದು ಮಧ್ಯಾಹ್ನ ರಜೆ ಹಾಕಿ ಮನೆಗೆ ಬಂದ. ಲೋಲಾಕ್ಷಿ ಬಟ್ಟೆ ಮಡಚುತ್ತಿದ್ದಳು. ಅವಳ ಎದುರು ಕೂತು, "ನಿನಗೆ ಒಂದು ವಿಷಯ ಹೇಳಲಿಕ್ಕುಂಟು. ನನ್ನ ಅಪ್ಪ ಜ್ವರ ಬಂದು ಸತ್ತದ್ದಲ್ಲ" ಎಂದ.

"ಗೊತ್ತುಂಟು" ಎಂದಳು ಲೋಲಾಕ್ಷಿ.

ಅವನು ಅವಳನ್ನೇ ನೋಡಿದ.

"ಮದುವೆಯಾದ ವಾರದಲ್ಲೇ ಅತ್ತೆ ಹೇಳಿದ್ದಾರೆ. ಅವನಾಗಿ ಹೇಳುವವರೆಗೆ ಕೇಳಬೇಡ ಎಂದಿದ್ದರು. ನಾನು ಕೇಳಲಿಲ್ಲ." ಮಡಚಿದ ಲುಂಗಿಯನ್ನು ಮತ್ತೆ ಬಿಚ್ಚಿ ಮಡಚಿದಳು. "ಈಗ ಯೋಚಿಸಿದರೆ ಕೇಳಬೇಕಿತ್ತು. ಮಗಳು ಪ್ರವಾಸ ಎಂದು ಕುಣಿಯುವಾಗ ನಾನೂ ನಕ್ಕೆ. ಇಷ್ಟು ವರ್ಷವಾಯಿತು, ನಿಮ್ಮ ಹೆದರಿಕೆ ಹೋಗಿರಬಹುದು ಎಂದುಕೊಂಡೆ. ತಪ್ಪಾಯಿತು."

ಗುರುವಪ್ಪ ಅವಳ ಕೈಯಿಂದ ಲುಂಗಿ ತೆಗೆದು ಪಕ್ಕಕ್ಕಿಟ್ಟ. ಆಮೇಲೆ ಕೇಳಿದ. "ಚಿಕ್ಕಪ್ಪ ಇದ್ದಾರಾ?"

"ಇದ್ದಾರೆ. ಕಣ್ಣು ಸರಿ ಕಾಣುವುದಿಲ್ಲವಂತೆ. ಪ್ರೇಕ್ಷಾ ಹುಟ್ಟಿದಾಗ, ಅತ್ತೆ ಹೋದಾಗ ನಾನು ತಿಳಿಸಿದ್ದೆ. ನಂಬರು ನನ್ನ ಹತ್ತಿರ ಉಂಟು."

ಅವಳೇ ನಂಬರು ಒತ್ತಿ ಫೋನು ಕೊಟ್ಟಳು. ಆ ಕಡೆ ಯಾರೋ ಹೆಂಗಸು ಎತ್ತಿ, ಮುದುಕರನ್ನು ಕರೆಯಲು ಹೋದಳು. ಫೋನಿನಲ್ಲಿ ಕಾಗೆಯ ಕೂಗು, ಅದರ ಹಿಂದೆ ಅವನಿಗೆ ಗುರುತಿದ್ದ ಆ ಇನ್ನೊಂದು ಸದ್ದು. ಗುರುವಪ್ಪ ಗೋಡೆಗೆ ಬೆನ್ನು ಕೊಟ್ಟು ನಿಂತ.

"ಯಾರು?"

"ಚಿಕ್ಕಪ್ಪ, ನಾನು ಗುರುವ. ಶಂಭುವಿನ ಮಗ."

ಆ ಕಡೆ ಉಸಿರು ಮಾತ್ರ ಕೇಳಿಸಿತು.

"ಒಂದು ಮಾತು ಕೇಳಬೇಕಿತ್ತು. ಆ ದಿನ ನೀವು ಯಾಕೆ ಇಳಿಯಲಿಲ್ಲ?"

ಮುದುಕರು ಅಲೆ ದೊಡ್ಡದಿತ್ತು ಎನ್ನಲಿಲ್ಲ. ಇಳಿದಿದ್ದರೂ ಆಗುತ್ತಿರಲಿಲ್ಲ ಎನ್ನಲಿಲ್ಲ. "ಹೆದರಿಕೆ ಆಯಿತು ಮಗಾ" ಎಂದರು. "ನೀನು ಕೂಗಿದ್ದು ಕೇಳಿತು. ಕಾಲು ಏಳಲಿಲ್ಲ. ಯಾಕೆ ಎಂದು ನಾನೂ ದಿನಾ ಕೇಳಿಕೊಳ್ಳುತ್ತೇನೆ."

ಗುರುವಪ್ಪನಿಗೆ ಅಳು ಬಂತು. ಅತ್ತ. "ನನಗೂ ಏಳಲಿಲ್ಲ ಚಿಕ್ಕಪ್ಪ" ಎಂದ. ಮುದುಕರಿಗೆ ಅದರ ಅರ್ಥ ಆಗಿರಲಿಕ್ಕಿಲ್ಲ. "ಊರಿಗೆ ಬಾ" ಎಂದರು. "ಬರುತ್ತೇನೆ" ಎಂದ. ಬರಬಲ್ಲೆನೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ.

ಮರುದಿನವೇ ಗಂಡ ಹೆಂಡತಿ ಐರೋಳಿಯ ಮಗಳ ಮನೆಗೆ ಹೋದರು. ಬಾಗಿಲು ತೆರೆದದ್ದು ಸುಮುಖ. ಪ್ರೇಕ್ಷಾ ಅಪ್ಪನನ್ನು ನೋಡಿ ಅಡುಗೆಮನೆಗೆ ಹೋಗಿ ನಿಂತಳು. ಗುರುವಪ್ಪ ಕೂರಲಿಲ್ಲ. ನಿಂತೇ, ಅಳಿಯನಿಗೆ ಹೇಳಿದ, ಆದರೆ ಅಡುಗೆಮನೆಗೆ ಕೇಳುವಷ್ಟು ದನಿಯಲ್ಲಿ. ಅಳಿವೆ, ಅಲೆ, ಬಲೆ, ದಡದಲ್ಲಿ ನಿಂತವರು. ಕೊನೆಗೆ ಉಲ್ಹಾಸದ ಬಂಡೆ. "ನೀವು ಕರೆದದ್ದು ನನಗೆ ಕೇಳಿತು. ಕೇಳಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ನೀವು ಬೇಡ ಎಂದು ನಿಂತದ್ದಲ್ಲ. ಅಲ್ಲಿ ನನ್ನ ಮಗಳೇ ಬಿದ್ದಿದ್ದರೂ ನಾನು ಹಾಗೆಯೇ ನಿಲ್ಲುತ್ತಿದ್ದೆನೋ ಎಂದು ನನಗೆ ಭಯ. ಅದನ್ನು ಹೇಳಲಿಕ್ಕೆ ಬಂದೆ."

ಸುಮುಖ ಹತ್ತಿರ ಬಂದ. ಮಾವನ ಕೈ ಹಿಡಿದು ಕುರ್ಚಿಯ ಮೇಲೆ ಕೂರಿಸಿ, ತಾನು ನೆಲದ ಮೇಲೆ ಕೂತ.

ಪ್ರೇಕ್ಷಾ ಹೊರಗೆ ಬಂದಳು. ಅವಳ ಮುಖದಲ್ಲಿ ಕರುಣೆ ಇರಲಿಲ್ಲ. "ಅಜ್ಜ ಜ್ವರ ಬಂದು ಸತ್ತರು ಅಂತ ಹೇಳಿದ್ರಲ್ಲ. ಸ್ಕೂಲಲ್ಲಿ ಫ್ಯಾಮಿಲಿ ಬಗ್ಗೆ ಬರೀರಿ ಅಂದಾಗ ನಾನು ಹಾಗೇ ಬರೆದಿದ್ದೆ. ಮೀನು ತಿಂದ್ರೆ ಮೈ ತುರಿಸುತ್ತೆ ಅಂದ್ರಿ, ಅದನ್ನೂ ನಂಬಿದೆ. ನಾನೇ ನಿಮ್ಮನ್ನ ನೀರಿನ ಹತ್ರ ಎಳ್ಕೊಂಡು ಹೋದೆ ಪಪ್ಪ. ಒಂದು ಮಾತು ಹೇಳಿದ್ರೆ ನಾನು ಕರೀತಾನೇ ಇರಲಿಲ್ಲ. ಸುಮುಖ ಸತ್ತೇ ಹೋಗಿದ್ರೆ?"

"ಹೌದು" ಎಂದ ಗುರುವಪ್ಪ.

"ಹೌದು ಅಂದ್ರೆ ಆಯ್ತಾ?"

ಆ ದಿನ ಅವಳು ಊಟ ಬಡಿಸಿದಳು. ಅಪ್ಪನ ತಟ್ಟೆಗೆ ಎರಡನೆಯ ಸಲ ಅನ್ನ ಹಾಕುವಾಗ ಬೇಕಾ ಎಂದು ಕೇಳಲಿಲ್ಲ, ಸುಮ್ಮನೆ ಹಾಕಿದಳು. ಅದಕ್ಕಿಂತ ಹೆಚ್ಚಿನದೇನೂ ಆಗಲಿಲ್ಲ.

ಪ್ರವಾಸದ ಮಾತನ್ನು ಮತ್ತೆ ಎತ್ತಿದ್ದು ಏಪ್ರಿಲ್ಲಿನಲ್ಲಿ, ಗುರುವಪ್ಪನೇ. ಟಿಕೆಟ್ ಇನ್ನೂ ಇದೆಯಾ ಎಂದು ಅಳಿಯನನ್ನು ಕೇಳಿದ. ಸುಮುಖ ಬೇಡವೇ ಬೇಡ ಎಂದ. ಕೋಲು ಮಾರಿಬಿಡುತ್ತೇನೆ, ಬೇರೆ ಎಲ್ಲಾದರೂ ಹೋಗೋಣ, ರಾಜಸ್ಥಾನಕ್ಕೆ ಹೋಗೋಣ ಎಂದ. "ಅಲ್ಲಿಗೇ ಹೋಗುವ" ಎಂದ ಗುರುವಪ್ಪ. "ನಾನು ನೀರಿಗೆ ಇಳಿಯುವುದಿಲ್ಲ. ನೀವು ಇಳಿಯುವಾಗ ಅಲ್ಲಿನ ತಿಳಿದವರು ಒಬ್ಬರು ಜೊತೆಗಿರಬೇಕು. ಆ ರಬ್ಬರ್ ಪ್ಯಾಂಟು ಬೇಡ. ಟೆಂಟು ನದಿಯಿಂದ ಮೇಲೆ. ಅಡುಗೆ ನನ್ನದು." ಈ ಸಲ ಯೋಜನೆ ಮಾಡಿದವನು ಅವನೇ. ಬೇಡ ಎನ್ನುವುದನ್ನು ಬೇಡ ಎಂದು, ಆಗುವುದಿಲ್ಲ ಎನ್ನುವುದನ್ನು ಆಗುವುದಿಲ್ಲ ಎಂದು ಹೇಳಿ ಮಾಡಿದ. ಪ್ರೇಕ್ಷಾ ಎಲ್ಲಕ್ಕೂ "ಓಕೆ" ಎಂದಷ್ಟೇ ಬರೆದಳು. ಬರೆದದ್ದು ಗುಂಪಿನಲ್ಲಿ. ಗುಂಪಿಗೆ ಅವಳು ಯಾವಾಗ ಮರಳಿ ಸೇರಿದಳು ಎಂದು ಅವನು ಕೇಳಲಿಲ್ಲ.

ಮೇ ಕೊನೆಯಲ್ಲಿ ಅವರು ಹೋದರು. ನದಿಗಿಂತ ಎತ್ತರದ ಒಂದು ಸೇಬಿನ ತೋಟದಲ್ಲಿ ಟೆಂಟು ಹಾಕಿದರು. ಅಲ್ಲಿಗೂ ನೀರಿನ ಸದ್ದು ಬರುತ್ತಿತ್ತು. ಮೊದಲ ದಿನ ಗುರುವಪ್ಪ ಕಿವಿಗೆ ಮಫ್ಲರು ಸುತ್ತಿಕೊಂಡು ಉಪ್ಪಿಟ್ಟು ಕೆದಕಿದ. ಸುಮುಖ ಊರಿನ ಒಬ್ಬ ಮಾರ್ಗದರ್ಶಿಯ ಜೊತೆ ಕೆಳಗೆ ಹೋದರೆ, ಅವನು ತಿರುಗಿ ಬರುವವರೆಗೆ ಇವನು ಕಾಲುದಾರಿಯಿಂದ ಕಣ್ಣು ತೆಗೆಯುತ್ತಿರಲಿಲ್ಲ. ಲೋಲಾಕ್ಷಿ ಪಕ್ಕದಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದಳು. ಸುಮುಖನಿಗೆ ಮೀನು ಸಿಕ್ಕಿದ್ದು ಮೂರನೆಯ ದಿನ, ಅದೂ ಒಂದೇ ಒಂದು. ಬಿಟ್ಟು ಬಂದೆ ಎಂದು ಮೇಲೆ ಬಂದು ಹೇಳಿದ, ಕೈ ಒದ್ದೆ, ಮುಖ ತುಂಬ ನಗು.

ಆ ಸಂಜೆ ಗುರುವಪ್ಪ ತೋಟದ ಅಂಚಿನ ಕಲ್ಲುಕಟ್ಟೆಯವರೆಗೆ ನಡೆದು ಹೋದ. ಅಲ್ಲಿಂದ ಕೆಳಗೆ ನದಿ ಕಾಣುತ್ತದೆ. ಅವನು ನೋಡಿದ. ಕಟ್ಟೆಯ ಮೇಲೆ ಕೂತ. ಇನ್ನೂ ಕೆಳಗೆ ಅವನು ಹೋಗಲಿಲ್ಲ, ಆ ನಾಲ್ಕು ದಿನದಲ್ಲಿ ಒಮ್ಮೆಯೂ ಹೋಗಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಪ್ರೇಕ್ಷಾ ಬಂದು ಪಕ್ಕದಲ್ಲಿ ಕೂತಳು. ಫೆಬ್ರುವರಿಯಿಂದ ಅವರಿಬ್ಬರೇ ಒಂದು ಕಡೆ ಕೂತದ್ದು ಅದೇ ಮೊದಲು. ಕ್ಷಮೆಯ ಮಾತು ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

"ಪಪ್ಪ, ಅಜ್ಜ ಹೇಗಿದ್ರು?"

"ಹೇಗೆ ಎಂದರೆ?"

"ಸತ್ತದ್ದು ಹೇಳಿದ್ರಿ. ಇದ್ದಾಗ ಹೇಗಿದ್ರು?"

ಗುರುವಪ್ಪ ಯೋಚಿಸಿದ. ಎಷ್ಟೋ ಕಾಲದಿಂದ ಅವನಿಗೆ ಅಪ್ಪ ಎಂದರೆ ನೀರಿನ ಮೇಲೆ ಕಾಣುವ ಒಂದು ಕೈ ಮಾತ್ರ. ಅದರ ಹಿಂದಿನ ಮನುಷ್ಯನನ್ನು ಹುಡುಕಲು ಹೊತ್ತು ಹಿಡಿಯಿತು.

"ಕುಳ್ಳ" ಎಂದ ಕೊನೆಗೆ. "ನನಗಿಂತ ಕುಳ್ಳ. ಬೆಲ್ಲ ಎಂದರೆ ಪ್ರಾಣ. ನನ್ನ ಅಮ್ಮ ಡಬ್ಬಿಯನ್ನು ಅಕ್ಕಿ ಮುಡಿಯ ಹಿಂದೆ ಅಡಗಿಸಿ ಇಡುತ್ತಿದ್ದಳು. ಅಲ್ಲಿಂದಲೂ ತೆಗೆಯುತ್ತಿದ್ದರು. ತೆಗೆದು ನನಗೂ ಒಂದು ತುಂಡು ಕೊಟ್ಟು, ಕೇಳಿದರೆ ಇಲಿ ಎಂದು ಹೇಳು ಎನ್ನುತ್ತಿದ್ದರು."

ಪ್ರೇಕ್ಷಾ ಅಂದು ನಗಲಿಲ್ಲ. ಆದರೆ ಕಾಲು ಮೇಲೆತ್ತಿ, ಶಾಲು ಸುತ್ತಿಕೊಂಡು, ಸರಿಯಾಗಿ ಕೂತಳು. "ಮತ್ತೆ?" ಎಂದಳು.